ಗೊತ್ತಿದ್ದ ಕಡೆಗೆ ಮಾತ್ರ ಹೋಗುವ ಬೆಳಕು

1970ರ ನವೆಂಬರ್ 17ರಂದು ಸೋವಿಯತ್ ಒಕ್ಕೂಟದ ಲೂನಾ 17 ನೌಕೆ ಚಂದ್ರನ ಮೇಲೆ ಇಳಿಯಿತು. ಇಳಿದ ಜಾಗಕ್ಕೆ ಖಗೋಳ ನಕ್ಷೆಗಳಲ್ಲಿ 'ಮಳೆಯ ಕಡಲು' ಎಂದು ಹೆಸರು. ಅಲ್ಲಿ ಮಳೆಯೂ ಇಲ್ಲ, ಕಡಲೂ ಇಲ್ಲ. ಇರುವುದು ಕಪ್ಪು ದೂಳಿನ ಬಯಲು. ನೌಕೆಯ ಎರಡು ಇಳಿಜಾರು ಹಲಗೆಗಳು ಬಿಚ್ಚಿಕೊಂಡವು. ಎಂಟು ಗಾಲಿಗಳ ಒಂದು ಗಾಡಿ ಮೆಲ್ಲಗೆ ಕೆಳಗಿಳಿಯಿತು. ತೂಕ 756 ಕೆ.ಜಿ. ನೋಡುವುದಕ್ಕೆ ಬಚ್ಚಲುಮನೆಯ ಹಂಡೆಗೆ ಮುಚ್ಚಳ ಇಟ್ಟು ಗಾಲಿ ಹಚ್ಚಿದ ಹಾಗಿತ್ತು. ಹೆಸರು ಲೂನೊಖೋದ್, ಎಂದರೆ ಚಂದ್ರನ ಮೇಲೆ ನಡೆಯುವವನು.

ಭೂಮಿಯ ಮೇಲೆ, ಕ್ರೈಮಿಯಾದ ಒಂದು ಕೋಣೆಯಲ್ಲಿ ಕುಳಿತ ಚಾಲಕರು ಟಿವಿ ಪರದೆ ನೋಡುತ್ತ ಅದನ್ನು ಓಡಿಸಿದರು. ಹತ್ತು ತಿಂಗಳಲ್ಲಿ ಅದು ಸುಮಾರು 10.5 ಕಿ.ಮೀ. ನಡೆಯಿತು. ಚಂದ್ರನ ಮೇಲೆ ರಾತ್ರಿಯೆಂದರೆ ನಮ್ಮ ಎರಡು ವಾರ. ಆಗ ಮುಚ್ಚಳ ಹಾಕಿಕೊಂಡು ಮಲಗುತ್ತಿತ್ತು, ಬೆಳಗಾದಾಗ ಮುಚ್ಚಳ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. 1971ರ ಸೆಪ್ಟೆಂಬರ್ 14ರಂದು ಅದರ ಕೊನೆಯ ರೇಡಿಯೊ ಸಂಕೇತ ಬಂತು. ಆಮೇಲೆ ಎಷ್ಟು ಕರೆದರೂ ಓಗೊಡಲಿಲ್ಲ.

ಕೆಟ್ಟು ನಿಂತ ಯಂತ್ರಕ್ಕೆ ಯಾರೂ ಹೆಚ್ಚು ದಿನ ದುಃಖಪಡುವುದಿಲ್ಲ. ಆದರೆ ಲೂನೊಖೋದ್ ಕೆಟ್ಟರೂ ಕೆಡದ ಒಂದು ಭಾಗವನ್ನು ಹೊತ್ತಿತ್ತು. ಫ್ರಾನ್ಸಿನಲ್ಲಿ ತಯಾರಾದ, 14 ಗಾಜಿನ ಪಟ್ಟಕಗಳನ್ನು ಜೋಡಿಸಿದ ಒಂದು ಚೌಕಟ್ಟು ಅದು. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಭೂಮಿಯಿಂದ ಲೇಸರ್ ಬೆಳಕು ಬಿಟ್ಟರೆ ಬಂದ ದಾರಿಯಲ್ಲೇ ಹಿಂದಿರುಗಿಸುವುದಷ್ಟೇ ಅದರ ಕೆಲಸ. 1970ರ ಡಿಸೆಂಬರಿನಲ್ಲಿ, ಗಾಡಿ ಇನ್ನೂ ಓಡಾಡುತ್ತಿದ್ದಾಗ, ಕ್ರೈಮಿಯಾದ ವೀಕ್ಷಣಾಲಯ ಹಾಗೆ ಬೆಳಕು ಬಿಟ್ಟು ವಾಪಸ್ಸು ಪಡೆದಿತ್ತು. ಗಾಡಿ ಆಮೇಲೂ ಒಂಬತ್ತು ತಿಂಗಳು ನಡೆದು ಎಲ್ಲೋ ನಿಂತಿತು. ನಿಂತ ಜಾಗ ಯಾವುದೆಂಬ ಲೆಕ್ಕದಲ್ಲಿ ಕೆಲವು ಕಿಲೋಮೀಟರ್ ಹೆಚ್ಚುಕಡಿಮೆಯಾಗಿತ್ತು. ಅಷ್ಟು ಸಾಕಾಯಿತು. ಒಂದು ಇಂಚೂ ಅಲುಗದೆ ನಿಂತಲ್ಲೇ ನಿಂತಿದ್ದ ವಸ್ತು ಸುಮಾರು ನಲವತ್ತು ವರ್ಷ ಕಳೆದುಹೋಯಿತು.

ಹೀಗೇಕಾಯಿತು ಎಂದು ಕೇಳಿದರೆ ಲೇಸರ್ ರೇಡಾರಿನ ಇಡೀ ಚರಿತ್ರೆಯೇ ಉತ್ತರವಾಗಿ ಬರುತ್ತದೆ. ಆ ಬೆಳಕಿನ ಗುಣ, ಅದರ ಮೇಲಿನ ನಂಬಿಕೆ, ಅದರ ಬಗೆಗಿನ ಭಯ, ಎಲ್ಲವೂ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತವೆ.

*

ರೇಡಾರ್ ಎರಡನೆಯ ಮಹಾಯುದ್ಧದ ಕೂಸು. ರೇಡಿಯೊ ಅಲೆಯನ್ನು ಕಳಿಸಿ, ಅದು ವಿಮಾನಕ್ಕೋ ಹಡಗಿಗೋ ಬಡಿದು ಬರುವ ಹೊತ್ತನ್ನು ಅಳೆದರೆ ದೂರ ತಿಳಿಯುತ್ತದೆ. ಬಾವಿಯೊಳಗೆ ಕೂಗಿ ದನಿ ಮರಳುವುದನ್ನು ಎಣಿಸುವ ಮಕ್ಕಳ ಆಟವೇ ಇದು. ಮೋಡ, ಮಂಜು, ಕತ್ತಲೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಅದರ ಕೊರತೆ ಬೇರೆ. ಅಲೆ ಉದ್ದವಾದಷ್ಟೂ ಕಿರಣ ಹರಡಿಕೊಳ್ಳುತ್ತದೆ. 3 ಸೆಂ.ಮೀ. ಅಲೆಯುದ್ದದ ರೇಡಾರ್ ಕಿರಣ ಒಂದು ಮೀಟರ್ ಅಗಲದ ತಟ್ಟೆಯಿಂದ ಹೊರಟರೆ 100 ಕಿ.ಮೀ. ದೂರ ಹೋಗುವಷ್ಟರಲ್ಲಿ ಸುಮಾರು 3 ಕಿ.ಮೀ. ಅಗಲವಾಗಿರುತ್ತದೆ. ಅಲ್ಲಿ ಏನೋ ಇದೆ ಎಂಬುದು ಗೊತ್ತಾಗುತ್ತದೆ. ಆ ಮೂರು ಕಿಲೋಮೀಟರಿನಲ್ಲಿ ಸರಿಯಾಗಿ ಎಲ್ಲಿ ಎಂಬುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ, ಹ್ಯೂಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ, ಥಿಯೊಡೋರ್ ಮೇಮನ್ ಒಂದು ಸಣ್ಣ ಮಾಣಿಕ್ಯದ ಕಡ್ಡಿಯ ಸುತ್ತ ಸುರುಳಿ ದೀಪವನ್ನು ಮಿನುಗಿಸಿ ಮೊದಲ ಲೇಸರ್ ಬೆಳಕನ್ನು ಪಡೆದರು. ಅದರ ಅಲೆಯುದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಒಂದು ಮೀಟರ್ ಅಗಲದ ಕನ್ನಡಿಯಿಂದ ಈ ಬೆಳಕು ಹೊರಟರೆ, ನಡುವಿನ ಗಾಳಿಯ ನಡುಕವನ್ನು ಲೆಕ್ಕಕ್ಕೆ ಹಿಡಿದರೂ, 100 ಕಿ.ಮೀ. ದೂರದಲ್ಲಿ ಅರ್ಧ ಮೀಟರಿನಷ್ಟು ಮಾತ್ರ ಅಗಲವಾಗಿರುತ್ತದೆ. ರೇಡಾರ್ ಲಾಟೀನಿನ ಬೆಳಕಾದರೆ ಇದು ಸೂಜಿ.

ಮರುವರ್ಷವೇ ಅದೇ ಹ್ಯೂಸ್ ಸಂಸ್ಥೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಉಪಕರಣವನ್ನು ಮಾಡಿ 'ಕೊಲಿಡಾರ್' ಎಂದು ಹೆಸರಿಟ್ಟಿತು. ಹೆಸರು ಉಳಿಯಲಿಲ್ಲ, ಉಪಕರಣ ಉಳಿಯಿತು. ಕೆಲವೇ ವರ್ಷಗಳಲ್ಲಿ ಅದರ ವಂಶದ ದೂರಮಾಪಕಗಳು ಸೈನ್ಯದ ಟ್ಯಾಂಕುಗಳನ್ನು ಏರಿದವು. ಸೈನ್ಯಗಳಿಗೆ ಈ ಬೆಳಕು ಯಾಕೆ ಬೇಕಾಯಿತೆಂದು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ 'ಗುರಿ' ಎಂಬ ಒಂದೇ ಮಾತಿಗೆ ಕಣ್ಣಿಟ್ಟು ನೋಡುವುದು, ತಲುಪಬೇಕಾದ ಜಾಗ, ಬಾಣ ನೆಡಬೇಕಾದ ಎದೆ ಎಂಬ ಮೂರೂ ಅರ್ಥಗಳಿವೆ. ಲೇಸರ್ ರೇಡಾರಿನ ಚರಿತ್ರೆಯಲ್ಲಿ ಈ ಮೂರು ಅರ್ಥಗಳು ಒಂದರ ಪಕ್ಕ ಒಂದು ನಡೆದುಕೊಂಡು ಬಂದಿವೆ.

ಸೂಜಿಯ ತೊಡಕು ಮಾತ್ರ ಬೇಗನೆ ಗೊತ್ತಾಯಿತು. ಕತ್ತಲೆಯ ಹೊಲದಲ್ಲಿ ಕಳೆದುಹೋದ ಕರುವನ್ನು ಹುಡುಕಲು ಲಾಟೀನು ಹಿಡಿದು ಹೋಗಬಹುದು. ಸೂಜಿಯ ತುದಿಯಷ್ಟು ಬೆಳಕನ್ನು ಹಿಡಿದು ಹೋದರೆ ಬೆಳಗಿನವರೆಗೂ ಹುಲ್ಲುಕಡ್ಡಿಗಳನ್ನೇ ನೋಡುತ್ತಿರಬೇಕು. ಕಿರಣ ಎಷ್ಟು ಕಿರಿದೋ ಅಷ್ಟು ಕರಾರುವಾಕ್ಕು. ಎಷ್ಟು ಕಿರಿದೋ ಅಷ್ಟೇ ಕುರುಡು. ಲೇಸರ್ ಹುಡುಕುವುದಿಲ್ಲ. ಎಲ್ಲಿದೆಯೆಂದು ಯಾರಾದರೂ ಮೊದಲೇ ಹೇಳಿದರೆ, ಅದು ನಿಜವೋ ಅಲ್ಲವೋ ಎಂದು ಹೋಗಿ ಮುಟ್ಟಿ ಬರುತ್ತದೆ.

*

1962ರ ಮೇ 9ರ ರಾತ್ರಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಲೂಯಿಸ್ ಸ್ಮಲಿನ್ ಮತ್ತು ಜಾರ್ಜಿಯೊ ಫಿಯೊಕೊ ಮಾಣಿಕ್ಯದ ಲೇಸರನ್ನು ದೂರದರ್ಶಕಕ್ಕೆ ಕಟ್ಟಿ ಚಂದ್ರನತ್ತ ಬೆಳಕು ಬಿಟ್ಟರು. ಚಂದ್ರ ದೊಡ್ಡ ಗುರಿ, ತಪ್ಪುವ ಭಯವಿರಲಿಲ್ಲ. ಆದರೂ ಒಂದೊಂದು ಮಿಡಿತದಲ್ಲಿ ಹೋದ ಲೆಕ್ಕವಿಲ್ಲದಷ್ಟು ಬೆಳಕಿನ ಕಣಗಳಲ್ಲಿ ತಿರುಗಿ ಬಂದು ಯಂತ್ರಕ್ಕೆ ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು. ಒರಟು ನೆಲಕ್ಕೆ ಬಿದ್ದ ಬೆಳಕು ದಿಕ್ಕು ದಿಕ್ಕಿಗೆ ಚದುರುತ್ತದೆ. ಒಂದು ಸಣ್ಣ ಗುರಿಯ ದೂರ ಇಮ್ಮಡಿಯಾದರೆ ತಿರುಗಿ ಬರುವ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೋಗುವಾಗಲೂ ಹರಡುತ್ತದೆ, ಬರುವಾಗಲೂ ಹರಡುತ್ತದೆ.

ಪರಿಹಾರ ಒಂದೇ. ಆ ಕಡೆಯಲ್ಲಿ ಯಾರಾದರೂ ಕನ್ನಡಿ ಹಿಡಿದಿರಬೇಕು.

ಈ ಉಪಾಯ ಲೇಸರಿಗಿಂತ ಬಹಳ ಹಳೆಯದು. 1821ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ 'ಹೀಲಿಯೊಟ್ರೋಪ್' ಎಂಬ ಸೂರ್ಯನ ಕನ್ನಡಿಯನ್ನು ಮಾಡಿದ್ದ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಜಾರ್ಜ್ ಎವರೆಸ್ಟ್ ಅದನ್ನು ಬಳಕೆಗೆ ತಂದ. ಒಂದು ಗುಡ್ಡದ ಮೇಲೆ ಸರ್ವೆಯವನು ಥಿಯೊಡೊಲೈಟ್ ಇಟ್ಟುಕೊಂಡು ಕೂರುತ್ತಾನೆ. ಹತ್ತಾರು ಮೈಲಿ ಆಚೆಯ ಇನ್ನೊಂದು ಗುಡ್ಡದ ಮೇಲೆ ಕೆಲಸಗಾರನೊಬ್ಬ ಕನ್ನಡಿ ಹಿಡಿದು ಬಿಸಿಲನ್ನು ಇವನ ಕಡೆಗೆ ತಿರುಗಿಸುತ್ತಾನೆ. ದೂಳು ಕವಿದ ಬಯಲಿನಲ್ಲಿ ಗೋಪುರ ಕಾಣದಿದ್ದರೂ ಆ ಒಂದು ಚುಕ್ಕೆ ನಕ್ಷತ್ರದ ಹಾಗೆ ಹೊಳೆಯುತ್ತದೆ. ಸರ್ವೆಯ ವರದಿಗಳಲ್ಲಿ ಸಾಹೇಬರ ಹೆಸರುಗಳಿವೆ. ಕನ್ನಡಿ ಹಿಡಿದು ದಿನವೆಲ್ಲ ಬಿಸಿಲಲ್ಲಿ ನಿಂತ, ಆ ಕಡೆಯ ಗುಡ್ಡ ಯಾವುದೆಂದು ನೆನಪಿಟ್ಟುಕೊಂಡ ಆಳುಗಳ ಹೆಸರು ಹೆಚ್ಚಾಗಿ ಇಲ್ಲ.

ಉಪಗ್ರಹದ ಮೇಲೆ ಆಳನ್ನು ನಿಲ್ಲಿಸುವಂತಿಲ್ಲ. ಅದಕ್ಕೆ ಬೇರೆ ಬಗೆಯ ಕನ್ನಡಿ ಬೇಕಾಯಿತು. ಕೋಣೆಯ ಮೂಲೆಯನ್ನು ನೆನೆಸಿಕೊಳ್ಳಿ. ಎರಡು ಗೋಡೆ ಮತ್ತು ನೆಲ ಒಂದಕ್ಕೊಂದು ನೇರ ಕೋನದಲ್ಲಿ ಸೇರುವ ಜಾಗ ಅದು. ಮೂರೂ ಮೈ ಕನ್ನಡಿಯಾಗಿದ್ದರೆ, ಯಾವ ಕಡೆಯಿಂದ ಬೆಳಕು ಬಂದರೂ ಮೂರು ಸಲ ಪುಟಿದು ಬಂದ ದಿಕ್ಕಿಗೇ ಹೊರಡುತ್ತದೆ. ಕನ್ನಡಿಯನ್ನು ಯಾರೂ ತಿರುಗಿಸಬೇಕಾಗಿಲ್ಲ. ಮುಂಬೈಯಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋದವರೆಲ್ಲ ಇದರ ಸೋದರಸಂಬಂಧಿಗಳನ್ನು ಕಂಡಿದ್ದಾರೆ. ಹೆದ್ದಾರಿಯ ನಡುಗೆರೆಯಲ್ಲಿ ಹೂತಿರುವ ಗುಬಟುಗಳು ಹೆಡ್‌ಲೈಟ್ ಬಿದ್ದ ಕೂಡಲೇ ಕಣ್ಣು ಬಿಡುತ್ತವೆ. ರಸ್ತೆಬದಿಯ ಎತ್ತಿನ ಕಣ್ಣೂ ಹಾಗೆಯೇ ಬೆಳಕನ್ನು ಬಂದ ಕಡೆಗೆ ಮರಳಿಸುತ್ತದೆ. ಇದನ್ನು ಮೂಲೆಗನ್ನಡಿ ಎನ್ನಬಹುದು.

1964ರ ಅಕ್ಟೋಬರ್ 10ರಂದು ಹಾರಿದ ಅಮೆರಿಕದ ಎಕ್ಸ್‌ಪ್ಲೋರರ್ 22 ಉಪಗ್ರಹ ಇಂಥ 360 ಮೂಲೆಗನ್ನಡಿಗಳನ್ನು ಹೊತ್ತೊಯ್ಯಿತು. ಅದೇ ತಿಂಗಳ 31ರಂದು ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಹೆನ್ರಿ ಪ್ಲಾಟ್ಕಿನ್ ಅವರ ತಂಡ ಅದರಿಂದ ಮರಳಿದ ಲೇಸರ್ ಬೆಳಕನ್ನು ಹಿಡಿಯಿತು. ಓಡುತ್ತಿರುವ ಉಪಗ್ರಹವೊಂದನ್ನು ಬೆಳಕಿನಿಂದ ಮುಟ್ಟಿದ್ದು ಅದೇ ಮೊದಲು.

1969ರ ಜುಲೈಯಲ್ಲಿ ಅಪೋಲೊ 11ರ ಗಗನಯಾತ್ರಿಗಳು 100 ಮೂಲೆಗನ್ನಡಿಗಳ ಚೌಕಟ್ಟನ್ನು ಚಂದ್ರನ ಮೇಲೆ ಇಟ್ಟು ಬಂದರು. ಟಿವಿ ಮುಂದೆ ಕುಳಿತ ಲೋಕಕ್ಕೆಲ್ಲ ಅವರು ಚಂದ್ರನ ಮೇಲಿದ್ದಾರೆಂದು ಗೊತ್ತಿತ್ತು. ಲೇಸರಿಗೆ ಅಷ್ಟು ಸಾಲದು. ನೌಕೆ ಸರಿಯಾಗಿ ಎಲ್ಲಿ ಇಳಿದಿದೆಯೆಂಬುದು ಆ ದಿನಗಳಲ್ಲಿ ಭೂಮಿಯವರಿಗೂ ನಿಖರವಾಗಿ ತಿಳಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ರಾತ್ರಿಯಿಂದ ರಾತ್ರಿಗೆ ಪ್ರಯತ್ನಿಸಿ, ಆಗಸ್ಟ್ 1ರಂದು ಮೊದಲ ಬಾರಿ ಆ ಕನ್ನಡಿಯಿಂದ ಬೆಳಕನ್ನು ಪಡೆಯಿತು. ಆಮೇಲೆ ಅಪೋಲೊ 14, ಅಪೋಲೊ 15, ಲೂನೊಖೋದ್ ಹೆಸರಿನ ಎರಡು ಗಾಡಿಗಳು, ಹೀಗೆ ಒಟ್ಟು ಐದು ಕನ್ನಡಿಗಳಾದವು. ನಾಲ್ಕು ಉತ್ತರ ಕೊಡುತ್ತಿದ್ದವು. ಮೊದಲ ಲೂನೊಖೋದ್ ಮಾತ್ರ ಮೌನವಾಗಿತ್ತು.

*

ಕನ್ನಡಿ ಹಿಡಿದು ನಿಂತವನನ್ನು ಕಾಣುವುದು ಒಂದು ಕಥೆ. ಕಾಣಿಸಿಕೊಳ್ಳಲು ಇಷ್ಟವಿಲ್ಲದವನನ್ನು ಕಾಣುವುದು ಇನ್ನೊಂದು ಕಥೆ. ಈ ವಿದ್ಯೆಯ ಪರಿಭಾಷೆಯಲ್ಲಿ ಇವಕ್ಕೆ 'ಸಹಕರಿಸುವ ಗುರಿ', 'ಸಹಕರಿಸದ ಗುರಿ' ಎಂಬ ಹೆಸರುಗಳಿವೆ. ಎರಡನೆಯದಕ್ಕೆ ಹಣ ಯಾವಾಗಲೂ ಹೆಚ್ಚು.

ಉತ್ತರ ವಿಯೆಟ್ನಾಮಿನ ಥಾನ್ ಹೋವಾ ಸೇತುವೆಯನ್ನು ಕೆಡವಲು ಅಮೆರಿಕದ ವಿಮಾನಗಳು 1965ರಿಂದ 1968ರವರೆಗೆ ನೂರಾರು ಸಲ ದಾಳಿ ಮಾಡಿದವು. ಸೇತುವೆ ಜಖಂ ಆಗುತ್ತಿತ್ತು, ದುರಸ್ತಿಯಾಗುತ್ತಿತ್ತು, ನಿಂತೇ ಇತ್ತು. ವಿಮಾನಗಳೂ ಚಾಲಕರೂ ಬಲಿಯಾದರು. 1972ರ ಮೇ 13ರಂದು ಲೇಸರಿನಿಂದ ದಾರಿ ಕಂಡುಕೊಳ್ಳುವ ಬಾಂಬುಗಳು ಅದನ್ನು ಕಂಬದಿಂದ ಕಳಚಿ ಬೀಳಿಸಿದವು. ಆ ಬಾಂಬಿನ ಕೆಲಸ ಸರಳ. ವಿಮಾನದಲ್ಲಿ ಕುಳಿತವನು ಸೇತುವೆಯ ಮೇಲೆ ಲೇಸರ್ ಚುಕ್ಕೆಯನ್ನು ಹಿಡಿದಿರುತ್ತಾನೆ. ಚುಕ್ಕೆಯಿಂದ ಚದುರಿ ಬರುವ ಬೆಳಕನ್ನು ಬಾಂಬಿನ ಮೂತಿಯ ಸಂವೇದಕ ಕಂಡು ಅತ್ತ ತಿರುಗುತ್ತದೆ. ಇಲ್ಲಿಯೂ ಬೆಳಕು ಏನನ್ನೂ ಹುಡುಕಲಿಲ್ಲ. ಸೇತುವೆಯನ್ನು ಕಣ್ಣಿನಿಂದ ಕಂಡದ್ದು, ಗುರಿ ಇದೇ ಎಂದು ತೀರ್ಮಾನಿಸಿದ್ದು ಮನುಷ್ಯ. ಬೆಳಕು ಆ ತೀರ್ಮಾನವನ್ನು ಅರ್ಧ ದಾರಿಯಲ್ಲಿ ಮರೆಯದೆ ಮುಟ್ಟಿಸಿತು. ಚುಕ್ಕೆಯನ್ನು ಶಾಲೆಯ ಮೇಲೆ ಹಿಡಿದಿದ್ದರೂ ಬಾಂಬು ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ಹೋಗುತ್ತಿತ್ತು.

ಆಕಾಶದಲ್ಲಿ ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೋಗುವ ಸಿಡಿತಲೆಯನ್ನು ಹೀಗೆ ಹಿಡಿಯಬಹುದೆ ಎಂಬುದು ಮುಂದಿನ ಪ್ರಶ್ನೆ. ಸೋವಿಯತ್ ಒಕ್ಕೂಟ ಅದಕ್ಕೆಂದು ಕಜಕಸ್ತಾನದ ಬಾಲ್ಕಾಷ್ ಸರೋವರದ ಪಕ್ಕ, ಸಾರಿ ಶಗಾನ್ ಎಂಬ ಪರೀಕ್ಷಾ ನೆಲೆಯಲ್ಲಿ ದೊಡ್ಡ ಯೋಜನೆಯನ್ನು ಹಿಡಿಯಿತು. ಲೇಸರಿನ ಮೂಲತತ್ತ್ವಕ್ಕಾಗಿ 1964ರ ನೊಬೆಲ್ ಬಹುಮಾನವನ್ನು ಹಂಚಿಕೊಂಡ ನಿಕೊಲಾಯ್ ಬಾಸೊವ್ ಇದರ ಹಿಂದಿದ್ದರು. ಸಿಡಿತಲೆಯನ್ನು ಬೆಳಕಿನಿಂದಲೇ ಹೊಡೆಯಬೇಕೆಂಬುದು ಮೊದಲ ಆಸೆ. ಅದು ಕೈಗೂಡಲಿಲ್ಲ. ಉಳಿದದ್ದು ಹೊಡೆಯುವ ಮೊದಲು ನೋಡುವ ಕೆಲಸ, ಎಲ್‌ಇ-1 ಎಂಬ ಲೇಸರ್ ಲೊಕೇಟರ್.

ಅದರ ವಿನ್ಯಾಸಕರು ಎದುರಿಸಿದ್ದು ಲೂನೊಖೋದಿನ ತೊಡಕನ್ನೇ. ಗುರಿ ಇಂಥ ಕಡೆಯಲ್ಲಿದೆಯೆಂದು ರೇಡಾರ್ ಹೇಳುತ್ತದೆ. ಆದರೆ ರೇಡಾರಿನ 'ಇಂಥ ಕಡೆ' ಲೇಸರಿನ ಪಾಲಿಗೆ ಒಂದು ದೊಡ್ಡ ಬಯಲು. ಆ ಬಯಲನ್ನು ಒಂದೇ ಸೂಜಿಯಿಂದ ಚುಚ್ಚಿ ನೋಡುವಷ್ಟರಲ್ಲಿ ಗುರಿ ಹೊರಟುಹೋಗಿರುತ್ತದೆ. ಅದಕ್ಕೆ ಅವರು ಸುಮಾರು ಇನ್ನೂರು ಮಾಣಿಕ್ಯದ ಲೇಸರುಗಳನ್ನು ಒಟ್ಟಿಗೆ ಜೋಡಿಸಿ, 1.3 ಮೀಟರ್ ಕನ್ನಡಿಯ ದೂರದರ್ಶಕದ ಮೂಲಕ ಬಿಡುವ ಏರ್ಪಾಡು ಮಾಡಿದರು. ಒಂದು ಸೂಜಿಯ ಬದಲು ಒಂದು ಬಾಚಣಿಗೆ. 1970ರ ದಶಕದಲ್ಲಿ ಅದು ವಿಮಾನಗಳನ್ನೂ ಆಮೇಲೆ ಉಪಗ್ರಹಗಳನ್ನೂ ಗುರುತಿಸಿ ಹಿಂಬಾಲಿಸುವಷ್ಟಾಯಿತು.

ಅಮೆರಿಕದ ಬೇಹುಗಾರ ಉಪಗ್ರಹಗಳಿಗೆ ಮೇಲಿನಿಂದ ಕಂಡದ್ದು ಗುಮ್ಮಟಗಳ ಕಟ್ಟಡ ಮಾತ್ರ. ಒಳಗೇನಿದೆಯೆಂಬುದನ್ನು ಊಹಿಸಬೇಕಾಯಿತು. ಊಹೆಗೆ ಭಯ ಸೇರಿತು. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ 'ಸೋವಿಯತ್ ಮಿಲಿಟರಿ ಪವರ್' ಎಂಬ ಪುಸ್ತಿಕೆಯನ್ನು ಹೊರತರುತ್ತಿತ್ತು. ಫೋಟೊ ಇಲ್ಲದ ಕಡೆ ಕಲಾವಿದರಿಂದ ಚಿತ್ರ ಬರೆಸುತ್ತಿದ್ದರು. ಸಾರಿ ಶಗಾನಿನ ಚಿತ್ರದಲ್ಲಿ ಗುಮ್ಮಟದಿಂದ ಹೊರಟ ಕಿರಣ ಕತ್ತಿಯ ಹಾಗೆ ಆಕಾಶವನ್ನು ಸೀಳುತ್ತಿತ್ತು. ಅಲ್ಲಿನ ಲೇಸರುಗಳು ಉಪಗ್ರಹಗಳಿಗೆ ಹಾನಿ ಮಾಡಬಲ್ಲವೆಂಬ ಮಾತು ಅಮೆರಿಕದಲ್ಲಿ ಲೇಸರ್ ಶಸ್ತ್ರಗಳಿಗೆ ಹಣ ಕೇಳುವವರಿಗೆಲ್ಲ ಒದಗಿಬಂತು. ರೇಗನ್ 1983ರ ಮಾರ್ಚ್ 23ರಂದು ಘೋಷಿಸಿದ ಕ್ಷಿಪಣಿ ರಕ್ಷಣಾ ಯೋಜನೆಯನ್ನು ಪತ್ರಿಕೆಗಳು ಆಗಲೇ 'ಸ್ಟಾರ್ ವಾರ್ಸ್' ಎಂದು ಕರೆಯತೊಡಗಿದ್ದವು.

ಆ ಯೋಜನೆಯ ಮೊದಮೊದಲ ಪ್ರಯೋಗಗಳಲ್ಲಿ ಒಂದು 1985ರ ಜೂನ್‌ನಲ್ಲಿ ನಡೆಯಿತು. ಹವಾಯಿಯ ಮಾವಿ ದ್ವೀಪದ ಬೆಟ್ಟದ ಮೇಲಿನಿಂದ ಕಡಿಮೆ ಶಕ್ತಿಯ ಲೇಸರನ್ನು ಡಿಸ್ಕವರಿ ಬಾಹ್ಯಾಕಾಶ ನೌಕೆಯತ್ತ ಬಿಡುವುದು, ನೌಕೆಯ ಕಿಟಕಿಗೆ ಕಟ್ಟಿದ 8 ಇಂಚಿನ ಕನ್ನಡಿಯಿಂದ ಅದನ್ನು ಮರಳಿ ಪಡೆಯುವುದು. ಪೂರ್ಣವಾಗಿ ಸಹಕರಿಸುವ ಗುರಿ. ಜೂನ್ 19ರಂದು ನೌಕೆಯ ಕಂಪ್ಯೂಟರಿಗೆ ಬೆಟ್ಟದ ಎತ್ತರ 9,994 ಎಂದು ಊಡಿಸಲಾಯಿತು. ಅದು ಅಡಿಗಳ ಲೆಕ್ಕ. ಕಂಪ್ಯೂಟರ್ ಅದನ್ನು ನಾಟಿಕಲ್ ಮೈಲಿಯೆಂದು ಓದಿಕೊಂಡಿತು. ನೌಕೆಗಿಂತಲೂ ಎಷ್ಟೋ ಮೇಲೆ, ಆಕಾಶದಲ್ಲಿ ಮಾವಿಯ ಬೆಟ್ಟವಿದೆಯೆಂದು ನಂಬಿ ನೌಕೆ ತನ್ನ ಕನ್ನಡಿಯನ್ನು ಭೂಮಿಗೆ ಬೆನ್ನು ಮಾಡಿ ತಿರುಗಿಸಿತು. ಪ್ರಯೋಗ ವಿಫಲವಾಯಿತು. ತಪ್ಪನ್ನು ತಿದ್ದಿಕೊಂಡು ಜೂನ್ 21ರಂದು ಮತ್ತೆ ಮಾಡಿದಾಗ ಬೆಳಕು ಸರಿಯಾಗಿ ಮುಟ್ಟಿತು. ಶತ್ರುವಿನ ಸಿಡಿತಲೆಗಳನ್ನು ಬೆಳಕಿನಿಂದ ಹಿಡಿಯುತ್ತೇವೆಂದು ಹೊರಟವರಿಗೆ, ತಮ್ಮದೇ ನೌಕೆ ಒಂದು ಅಳತೆಯ ಗೊಂದಲದಿಂದ ಎರಡು ದಿನ ಸಿಗಲಿಲ್ಲ.

ಸಾರಿ ಶಗಾನಿನ ಗುಮ್ಮಟದ ಗುಟ್ಟು ಒಡೆದದ್ದು ಯಾವ ಸಂವೇದಕದಿಂದಲೂ ಅಲ್ಲ. 1989ರ ಜುಲೈಯಲ್ಲಿ, ಗೊರ್ಬಚೆವ್ ಕಾಲದ ಬಾಗಿಲು ತೆರೆದ ದಿನಗಳಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಆಹ್ವಾನದ ಮೇಲೆ ಅಮೆರಿಕದ ವಿಜ್ಞಾನಿಗಳು, ಸಂಸದರು, ಪತ್ರಕರ್ತರು ಅಲ್ಲಿಗೇ ಹೋದರು. ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಫ್ರಾಂಕ್ ವಾನ್ ಹಿಪ್ಪೆಲ್ ಅವರಲ್ಲೊಬ್ಬರು. ಒಳಗೆ ಅವರು ಕಂಡ ಲೇಸರುಗಳು ಗುರಿಗಳ ಜಾಡು ಹಿಡಿಯುವುದಕ್ಕೆ ತಕ್ಕವು. ಉಪಗ್ರಹವನ್ನು ಸುಡುವ ಶಕ್ತಿಯ ಹತ್ತಿರವೂ ಅವು ಸುಳಿದಿರಲಿಲ್ಲ. ಚಿತ್ರದಲ್ಲಿ ಕತ್ತಿಯಾಗಿದ್ದದ್ದು ನಿಜದಲ್ಲಿ ಒಂದು ಕಣ್ಣು, ಅದೂ ಅಷ್ಟೇನೂ ಚುರುಕಲ್ಲದ ಕಣ್ಣು. ಅದನ್ನು ತಿಳಿಯಲು ಒಂದು ವಿಮಾನ ಪ್ರಯಾಣ, ಬಾಗಿಲು ತೆಗೆಯುವ ಒಬ್ಬ ಆತಿಥೇಯ ಸಾಕಾಯಿತು. ಅದಕ್ಕೂ ಮುಂಚೆ ಎಷ್ಟೋ ವರ್ಷ ಎರಡು ದೇಶಗಳು ಒಂದರ ಕಣ್ಣನ್ನು ಇನ್ನೊಂದು ಆಯುಧವೆಂದು ಎಣಿಸಿ ಹಣ ಸುರಿದವು.

*

ಸೋವಿಯತ್ ಒಕ್ಕೂಟ ಮುಳುಗಿತು. ಲೂನೊಖೋದ್ ಮಳೆಯ ಕಡಲಿನಲ್ಲಿ ನಿಂತೇ ಇತ್ತು.

ಅದರ ಕನ್ನಡಿ ವಿಜ್ಞಾನಿಗಳಿಗೆ ಬೇಕಾಗಿತ್ತು. ಉಳಿದ ನಾಲ್ಕು ಕನ್ನಡಿಗಳಿಂದ ಚಂದ್ರನ ದೂರವನ್ನು ಅಳೆದೂ ಅಳೆದೂ ಅವರು ಎಷ್ಟೋ ಸಂಗತಿಗಳನ್ನು ಕಂಡುಕೊಂಡಿದ್ದರು. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ನಮ್ಮಿಂದ ದೂರ ಸರಿಯುತ್ತಿದೆ. ಅದರ ಗರ್ಭದಲ್ಲಿ ದ್ರವ ಇದೆ. ಭೂಮಿ ಮತ್ತು ಚಂದ್ರ ಎರಡೂ ಸೂರ್ಯನತ್ತ ಒಂದೇ ರೀತಿ ಬೀಳುತ್ತವೆ, ಐನ್‌ಸ್ಟೈನ್ ಹೇಳಿದ ಹಾಗೆಯೇ. ಲೂನೊಖೋದ್ 1 ಇದ್ದ ಜಾಗ ಚಂದ್ರನ ನಮ್ಮ ಕಡೆಯ ಮುಖದ ಅಂಚಿಗೆ ಹತ್ತಿರ. ಚಂದ್ರ ಹೇಗೆ ತೊನೆಯುತ್ತದೆಂದು ತಿಳಿಯಲು ನಡುವಿನ ಕನ್ನಡಿಗಿಂತ ಅಂಚಿನ ಕನ್ನಡಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟಿನಲ್ಲಿ 3.5 ಮೀಟರ್ ದೂರದರ್ಶಕವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟಾಮ್ ಮರ್ಫಿಯವರ ತಂಡ ಅದರಿಂದ ಸೆಕೆಂಡಿಗೆ 20 ಸಲ ಹಸಿರು ಲೇಸರ್ ಮಿಡಿತಗಳನ್ನು ಬಿಡುತ್ತಿತ್ತು. ಒಂದೊಂದು ಮಿಡಿತದಲ್ಲಿ 3ರ ಮುಂದೆ 17 ಸೊನ್ನೆ ಬರೆದಷ್ಟು ಬೆಳಕಿನ ಕಣಗಳು. ಚಂದ್ರನನ್ನು ಮುಟ್ಟುವಾಗ ಕಿರಣದ ಅಗಲ ಸುಮಾರು 2 ಕಿ.ಮೀ. ಎಲ್ಲ ಸರಿಯಾಗಿದ್ದ ರಾತ್ರಿ, ಎರಡೂವರೆ ಸೆಕೆಂಡಿನ ನಂತರ, ಮಿಡಿತಕ್ಕೆ ಒಂದು ಕಣ ತಿರುಗಿ ಬಂದರೆ ಪುಣ್ಯ. ಆ ಒಂದು ಕಣವನ್ನು ಆಕಾಶದ ಉಳಿದ ಬೆಳಕಿನಿಂದ ಬೇರ್ಪಡಿಸಲು, ಅದು ಬರಬೇಕಾದ ಕ್ಷಣದಲ್ಲಿ ಮಾತ್ರ ಯಂತ್ರದ ಬಾಗಿಲನ್ನು ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ತೆರೆದು ಮುಚ್ಚಬೇಕು. ದಿಕ್ಕು ತಪ್ಪಿದರೆ ಬೆಳಕು ಸಿಗದು. ದೂರದ ಅಂದಾಜು ತಪ್ಪಿದರೆ ಬಂದ ಬೆಳಕು ಮುಚ್ಚಿದ ಬಾಗಿಲಿಗೆ ಬಡಿಯುತ್ತದೆ. ಮರ್ಫಿಯವರ ತಂಡ ಲೂನೊಖೋದಿಗಾಗಿ ಹಿಂದೆಯೂ ಹುಡುಕಿತ್ತು. ಹುಡುಕಿದ ಜಾಗವೇ ತಪ್ಪಾಗಿತ್ತು.

ದಾರಿ ತೋರಿದ್ದು ಲೇಸರಲ್ಲ, ಕ್ಯಾಮೆರಾ. 2009ರ ಜೂನ್‌ನಲ್ಲಿ ಹಾರಿದ ನಾಸಾದ ಲೂನಾರ್ ರೆಕನೈಸನ್ಸ್ ಆರ್ಬಿಟರ್ ಚಂದ್ರನ ನೆಲವನ್ನು ಅರ್ಧ ಮೀಟರಿನಷ್ಟು ಚಿಕ್ಕ ವಿವರದವರೆಗೆ ಚಿತ್ರಿಸುತ್ತಿತ್ತು. 2010ರ ಮಾರ್ಚ್‌ನಲ್ಲಿ ಆ ಚಿತ್ರಗಳಲ್ಲಿ, ದೂಳಿನ ಮೇಲೆ ಗಾಲಿಯ ಗೆರೆಗಳು ಕೊನೆಗೊಳ್ಳುವ ಕಡೆ ಒಂದು ಬಿಳಿ ಚುಕ್ಕೆ ಕಂಡಿತು. ಇಷ್ಟು ದಿನ ಹುಡುಕುತ್ತಿದ್ದ ಜಾಗದಿಂದ ಅದು ಕೆಲವು ಕಿಲೋಮೀಟರ್ ಆಚೆಗಿತ್ತು.

ಏಪ್ರಿಲ್ 22ರಂದು ಹವೆಯೂ ಚಂದ್ರನೂ ಕೂಡಿಬಂದಾಗ ಮರ್ಫಿಯವರ ತಂಡ ಆ ಚುಕ್ಕೆಯತ್ತ ಬೆಳಕು ಬಿಟ್ಟಿತು. ಮೊದಲ ಪ್ರಯತ್ನದಲ್ಲೇ ಸುಮಾರು 2,000 ಕಣಗಳು ಮರಳಿದವು. ಇಷ್ಟು ವರ್ಷ ಉತ್ತರ ಕೊಡುತ್ತಲೇ ಇದ್ದ ಎರಡನೆಯ ಲೂನೊಖೋದಿನಿಂದ ಆಚೀಚಿನ ವರ್ಷಗಳಲ್ಲಿ ಸಿಕ್ಕಿದ್ದ ಅತ್ಯುತ್ತಮ ಫಲ 750 ಕಣ. ಕನ್ನಡಿಗೆ ದೂಳು ಕವಿದಿರಬಹುದು, ಗಾಡಿ ಮಗುಚಿ ಬಿದ್ದಿರಬಹುದು ಎಂದೆಲ್ಲ ಜನ ಅಂದುಕೊಂಡಿದ್ದರು. ಅಂಥದ್ದೇನೂ ಆಗಿರಲಿಲ್ಲ. ಕೊನೆಯ ಸಂಜೆ ಅದು ಭೂಮಿಯ ಕಡೆ ಮುಖ ಮಾಡಿಯೇ ನಿಂತಿತ್ತು. ಸೋವಿಯತ್ ಗಾಡಿಯ ಮೇಲಿನ ಫ್ರೆಂಚ್ ಗಾಜು ಅಮೆರಿಕದ ಬೆಳಕಿಗೆ ಓಗೊಟ್ಟಿತು. ಮೂವರಲ್ಲಿ ಯಾರೊಬ್ಬರಿಂದಲೂ ಒಂಟಿಯಾಗಿ ಆಗದ ಕೆಲಸ ಅದು.

*

ಭಾರತದ ಲೇಸರ್ ಚಂದ್ರನಿಗೆ ಹೋದದ್ದು ಬೆಂಗಳೂರಿನಿಂದ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ, ಪೀಣ್ಯದ ಇಸ್ರೊ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ ತಯಾರಾದ ಲೇಸರ್ ದೂರಮಾಪಕವಿತ್ತು. ಹತ್ತು ಕೆ.ಜಿ.ಯೊಳಗಿನ ಆ ಪೆಟ್ಟಿಗೆ ಸೆಕೆಂಡಿಗೆ 10 ಮಿಡಿತಗಳನ್ನು ಬಿಟ್ಟು ಚಂದ್ರನ ಬೆಟ್ಟ ಕಣಿವೆಗಳ ಎತ್ತರ ಅಳೆಯಿತು. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ನೆಲಕ್ಕೆ ಬಡಿದು ಒಡೆಯಿತು. ಮರುಪ್ರಯತ್ನದ ಚಂದ್ರಯಾನ-3ರ ವಿಕ್ರಮ್‌ಗೆ ಇಸ್ರೊ ಇನ್ನೊಂದು ಬೆಳಕಿನ ಉಪಕರಣವನ್ನು ಸೇರಿಸಿತು. ನೆಲಕ್ಕೆ ಬಡಿದು ಮರಳುವ ಲೇಸರಿನ ಬಣ್ಣದ ಸೂಕ್ಷ್ಮ ಬದಲಾವಣೆಯಿಂದ ತನ್ನ ವೇಗವನ್ನು ತಾನೇ ಅರಿಯುವ ಮಾಪಕ ಅದು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದ ಮೇಲೆ ಕಾಲೂರಿತು.

ಅದರ ಮೇಲ್ಭಾಗದಲ್ಲಿ ನಾಸಾ ಕೊಟ್ಟ ಒಂದು ಸಣ್ಣ ಗುಬ್ಬಿಯಿತ್ತು. ಸುಮಾರು 5 ಸೆಂ.ಮೀ. ಅಗಲದ ಅಲ್ಯುಮಿನಿಯಂ ಗುಮ್ಮಟ, ಅದರಲ್ಲಿ ಎಂಟು ಮೂಲೆಗನ್ನಡಿಗಳು. ಹಿತ್ತಾಳೆಯ ಬಟ್ಟಲಿಗಿಂತ ಚಿಕ್ಕದು, ತೂಕ 20 ಗ್ರಾಂ. ವಿಕ್ರಮ್ ಹಗಲಿನ ಕೆಲಸ ಮುಗಿಸಿ ಸೆಪ್ಟೆಂಬರಿನಲ್ಲಿ ಮಲಗಿತು. ಚಂದ್ರನ ರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಕರೆದಾಗ ಅದು ಏಳಲಿಲ್ಲ. ಲೂನೊಖೋದಿನ ಹಾಗೆಯೇ.

2023ರ ಡಿಸೆಂಬರ್ 12ರಂದು, ಹದಿಮೂರು ವರ್ಷದ ಹಿಂದೆ ಲೂನೊಖೋದಿನ ಚಿತ್ರ ತೆಗೆದಿದ್ದ ಅದೇ ಆರ್ಬಿಟರ್, ಮಂಜಿನಸ್ ಕುಳಿಯ ಹತ್ತಿರವಿದ್ದ ವಿಕ್ರಮ್‌ನಿಂದ 100 ಕಿ.ಮೀ. ದೂರದಲ್ಲಿ ಸಾಗುತ್ತಿತ್ತು. ಅದು ತನ್ನ ಲೇಸರ್ ಎತ್ತರಮಾಪಕವನ್ನು ವಿಕ್ರಮ್ ಕಡೆಗೆ ತಿರುಗಿಸಿತು. ಆ ಉಪಕರಣ ನೆಲದ ಏರಿಳಿತ ಅಳೆಯಲೆಂದು ಮಾಡಿದ್ದು, ಇಷ್ಟು ಚಿಕ್ಕ ಗುರಿಗೆ ಗುರಿಯಿಡಲು ಮಾಡಿದ್ದಲ್ಲ. ಆದ್ದರಿಂದ ಹಲವು ಪ್ರಯತ್ನಗಳು ಬೇಕಾದವು. ಆ ದಿನ ಬೆಳಕು ಹೋಗಿ ಗುಬ್ಬಿಯನ್ನು ಮುಟ್ಟಿ ತಿರುಗಿ ಬಂತು. ಚಂದ್ರನ ಸುತ್ತ ಸುತ್ತುವ ನೌಕೆಯೊಂದು ಚಂದ್ರನ ಮೇಲಿರುವ ಇಂಥ ಕನ್ನಡಿಯನ್ನು ಲೇಸರಿನಿಂದ ಮುಟ್ಟಿದ್ದು ಅದೇ ಮೊದಲು.

ಅಂದು ವಿಕ್ರಮ್‌ನಲ್ಲಿ ವಿದ್ಯುತ್ ಇರಲಿಲ್ಲ, ರೇಡಿಯೊ ಇರಲಿಲ್ಲ. ಇದ್ದದ್ದು ಗಾಜು ಮಾತ್ರ. ಮುಂದೆ ದಕ್ಷಿಣ ಧ್ರುವದ ಕಡೆ ಇಳಿಯಲು ಬರುವ ನೌಕೆಗಳಿಗೆ ಅದೊಂದು ಊರಗಲ್ಲು. ಕತ್ತಲೆಯಲ್ಲೂ ತಾವು ಎಲ್ಲಿದ್ದೇವೆಂದು ಅದನ್ನು ಮುಟ್ಟಿ ತಿಳಿದುಕೊಳ್ಳಬಹುದು. ಆ ಗಾಜು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಮಳೆಯ ಕಡಲಿನಲ್ಲಿ ನಿಂತ ಹಂಡೆಯಂಥ ಗಾಡಿಯೇ ಸಾಕ್ಷಿ. ಒಂದು ವ್ಯತ್ಯಾಸವಿದೆ. ಈ ಸಲ ನಿಂತ ಜಾಗವನ್ನು ಬರೆದಿಡಲಾಗಿದೆ.